ಐಮಾರ್ ಮನೆಯ ಇಳಿಗಲ್ಲು

ಸೆರ್ರೆ, ೧೮ ಏಪ್ರಿಲ್ ೧೯೯೩

ದೆಲ್ಫೀನಾ,

ಈ ಕೈಬರಹ ನೋಡಿದ ಕೂಡಲೇ ಲಕೋಟೆಯನ್ನು ಒಲೆಗೆ ಹಾಕಬೇಡ. ಓದಿಯಾದ ಮೇಲೆ ಹಾಕು. ಒಲೆ ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಅಮ್ಮ ತೀರಿಹೋದ ಚಳಿಗಾಲದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಆಗ ಕಪ್ಪಗಿದ್ದ ನನ್ನ ಕೂದಲಲ್ಲಿ ಈಗ ಒಂದೆಳೆಯೂ ಕಪ್ಪು ಉಳಿದಿಲ್ಲ. ಆ ವಿಷಯ ಎತ್ತಲು ಬರೆಯುತ್ತಿಲ್ಲ. ನಿನ್ನಿಂದ ಒಂದು ಕೆಲಸವಾಗಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗಳು ನೀವೆಸ್ ನೆನಪಿದ್ದಾಳೋ ಇಲ್ಲವೋ, ನೀನು ಊರು ಬಿಟ್ಟಾಗ ತೊಟ್ಟಿಲಲ್ಲಿ ಕಿರುಚುತ್ತಿದ್ದಳು. ಈಗಲೂ ಕಿರುಚುತ್ತಾಳೆ, ಶಾಲೆಯ ಮಕ್ಕಳ ಮೇಲೆ. ಈ ವರ್ಷ ಅವಳಿಗೆ ಹಳೆಯ ದಾರಿಯ ಹುಚ್ಚು ಹಿಡಿದಿದೆ. ಸೆರ್ರೆಯಿಂದ ಬಂಡೆಯ ಅಂಚಿನಲ್ಲೇ ಸಾನ್ ಪೇಯ್ರೆ ಇಗರ್ಜಿಯವರೆಗೆ ಹೆಣ ಹೊತ್ತು ನಡೆಯುತ್ತಿದ್ದೆವಲ್ಲ, ಆ ದಾರಿ. ಕೆಳಗೆ ಹೊಳೆಯ ಪಕ್ಕ ಟಾರು ರಸ್ತೆ ಬಂದ ಮೇಲೆ ಅಲ್ಲಿ ಮೇಕೆ ಕೂಡ ಕಾಲಿಟ್ಟಿಲ್ಲ. ಸೆಪ್ಟೆಂಬರಿನ ಮೊದಲ ಭಾನುವಾರ, ಇಗರ್ಜಿಯ ಹಬ್ಬಕ್ಕೆ, ಇಡೀ ಊರು ಆ ದಾರಿಯಲ್ಲೇ ನಡೆದು ಹೋಗಬೇಕು ಎಂದು ಅವಳ ಹಟ. ಆಮೇಲೆ ಪರಊರಿನವರೂ ಬಂದು ನಡೆಯಲಿ, ನಮ್ಮ ಹಿರಿಯರ ಕೈಕೆಲಸ ನೋಡಲಿ ಎಂದು ಆಸೆ.

ನಾನೇ ಅವಳನ್ನು ಕೂರಿಸಿಕೊಂಡು ದಾರಿಯ ಕಟ್ಟಳೆ ಹೇಳಬೇಕಾಯಿತು. ದಾರಿಯಲ್ಲಿ ಮೂರು ಇಳಿಗಲ್ಲುಗಳಿವೆ, ಒಂದೊಂದು ಒಂದೊಂದು ಮನೆಯದು. ಚಟ್ಟ ಬಂದು ಕಲ್ಲಿನ ಮೇಲೆ ಇಳಿದಾಗ ಆ ಮನೆಯವರು ರೊಟ್ಟಿ, ವೈನು ಹಿಡಿದು ನಿಂತಿರಬೇಕು. ‘ಇಲ್ಲಿಂದ ನಮ್ಮ ಹೆಗಲು’ ಎನ್ನಬೇಕು. ಆ ಮಾತು ಬರದೆ ಚಟ್ಟ ಮುಂದಕ್ಕೆ ಹೋಗುವಂತಿಲ್ಲ. ಕಲ್ಲಿನಿಂದಾಚೆಯ ದಾರಿ ದುರಸ್ತಿಗೂ ಅದೇ ನಿಯಮ. ಮೊದಲ ಗುದ್ದಲಿ ಆ ಮನೆಯವರದು, ಅಥವಾ ಅವರ ಒಪ್ಪಿಗೆ. ಮೊದಲ ಕಲ್ಲು ನಮ್ಮ ಗಾರ್ನೇರಿ ಮನೆಯದು. ಎರಡನೆಯದು ಗಾರೆ ಕೆಲಸದ ದಾಲ್ಮಾತ್ಸೊನ ಮನೆಯದು. ಮೂರನೆಯದು ಐಮಾರ್ ಮನೆಯದು, ಮತ್ತು ಐಮಾರ್ ಮನೆಯಲ್ಲಿ ಉಳಿದಿರುವವಳು ನೀನೊಬ್ಬಳೇ.

“ಅವರು ಒಪ್ಪದಿದ್ರೆ ಏನಾಗುತ್ತೆ ದೊಡ್ಡಮ್ಮ?” ಎಂದು ನೀವೆಸ್ ಕೇಳಿದಳು.

“ಏನೂ ಆಗಲ್ಲ. ದಾರಿ ಅವರ ಕಲ್ಲಿನ ಹತ್ರ ನಿಲ್ಲುತ್ತೆ. ನಾವೂ ನಿಲ್ತೀವಿ,” ಎಂದೆ.

ಒಪ್ಪಿಗೆ ಕೊಡು. ಒಂದು ಸಾಲು ಸಾಕು.

ನಿನ್ನ ನೆರೆಮನೆಯವಳಾಗಿದ್ದ
ಓನೊರೀನಾ


ಆಸ್ತಿ ಪಟ್ಟಣ, ೯ ಮೇ

ಓನೊರೀನಾ,

ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಗ್ಯಾಸು.

ಈಗ ನಿಮಗೆ ದಾರಿ ಬೇಕಾಯಿತೇ? ನನ್ನ ಅಮ್ಮನಿಗೆ ಬೇಕಾಗಿದ್ದಾಗ ಅದು ಎಲ್ಲಿಗೆ ಹೋಗಿತ್ತು? ಹುಟ್ಟಿದಾಗಿನಿಂದ ಆ ಊರಿನ ಹೆಣಗಳಿಗೆಲ್ಲ ನಮ್ಮ ಕಲ್ಲಿನ ಹತ್ತಿರ ರೊಟ್ಟಿ ಹಿಡಿದು ನಿಂತವಳು ಅವಳು. ಅವಳ ಸರದಿ ಬಂದಾಗ ಸೌದೆ ಲಾರಿಯಲ್ಲಿ ಹಗ್ಗ ಬಿಗಿದು ಸಾಗಿಸಿದಿರಿ. ಹೊಸ ರಸ್ತೆಯಲ್ಲಿ ಹೋದ ಮೊದಲ ಹೆಣ ನನ್ನ ಅಮ್ಮನದು. ಲಾರಿಗೆ ಹೇಳಿ ಕಳಿಸಿದವಳು ನೀನು.

ಹಿಮಕುಸಿತವಾಗಿ ದಾರಿ ಮುಚ್ಚಿತ್ತು ಎಂದಿದ್ದೆ. ಟಾರು ಬಿದ್ದ ವರ್ಷವೇ ಹಿಮವೂ ಬೀಳಬೇಕಾಗಿತ್ತೇ? ಮುಚ್ಚಿದ್ದರೆ ಕಾಯಬೇಕಿತ್ತು. ಚಳಿಗಾಲದಲ್ಲಿ ಸತ್ತವರನ್ನು ಸೂರಿನ ಕೆಳಗೆ ಹಿಮದಲ್ಲಿಟ್ಟು, ವಸಂತದಲ್ಲಿ ದಾರಿ ತೆರೆದ ಮೇಲೆ ಹೊರುವುದು ನಮ್ಮಲ್ಲಿ ಹೊಸದಲ್ಲ. ನನ್ನ ಅಜ್ಜ ಮೂರು ತಿಂಗಳು ಕಾದಿದ್ದ. ಅಮ್ಮನಿಗೆ ಮಾತ್ರ ಯಾಕೆ ಅಷ್ಟು ಅವಸರ? ನಿಮ್ಮ ಹೆಗಲು ನೋಯುತ್ತದೆಂದೇ?

ನಾನು ಬೆಳಗ್ಗೆ ನಾಲ್ಕಕ್ಕೆ ಎದ್ದು ಉಪ್ಪು ಮೀನಿನ ಪೀಪಾಯಿ ತೆರೆಯಬೇಕು. ನಿನ್ನ ಪತ್ರಕ್ಕೆ ಇಷ್ಟೇ ಉತ್ತರ.

ದೆಲ್ಫೀನಾ ಐಮಾರ್


ಸೆರ್ರೆ, ೬ ಜೂನ್

ದೆಲ್ಫೀನಾ,

ಬೈದಿದ್ದೀಯಾ, ಒಳ್ಳೆಯದು. ಇಷ್ಟು ವರ್ಷ ಅದೂ ಇರಲಿಲ್ಲ.

ನೀನು ಕೇಳಿದ್ದಕ್ಕೆ ಆಗ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ದಾರಿ ಮುಚ್ಚಿರಲಿಲ್ಲ, ದಾರಿ ಇರಲೇ ಇಲ್ಲ. ನಿಮ್ಮ ಕಲ್ಲಿನಾಚೆ ಕರಿಕಣಿವೆಯ ಬಾಯಲ್ಲಿ ಹಿಮ ಅದನ್ನು ಬಾಚಿಕೊಂಡು ಹೋಗಿತ್ತು. ವಸಂತ ಬಂದರೂ ಅಲ್ಲಿ ತೆರೆಯಲು ಏನೂ ಉಳಿದಿರಲಿಲ್ಲ. ನೀನು ನಂಬಲಿಲ್ಲ, ನಾನು ಇನ್ನೊಂದು ಸಲ ಹೇಳಲು ಹೋಗಲಿಲ್ಲ. ನನಗೂ ಮೂಗಿನ ತುದಿಯಲ್ಲೇ ಸಿಟ್ಟಿತ್ತು.

ಮೊದಲೆರಡು ತುಂಡು ತೆರೆದೆವು. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ಮುಳ್ಳಿನ ಪೊದೆ ಕಡಿದು, ಮಣ್ಣು ಎಳೆದು ಹಾಕಿದ ಹಾಗೆಲ್ಲ ಒಳಗಿನಿಂದ ದಾರಿ ಎದ್ದು ಬರುತ್ತಿತ್ತು. ಒಂದು ಕಲ್ಲೂ ಅಲುಗಿಲ್ಲ ಕಣೇ! ಚಿಕ್ಕವರಿದ್ದಾಗ ಅದರ ಮೇಲೆ ಓಡಿದ್ದೇ ಓಡಿದ್ದು, ಒಂದು ದಿನವಾದರೂ ತಿರುಗಿ ನೋಡಿದ್ದೆವೇ? ಮೆಟ್ಟಿಲುಗಳನ್ನು ಅವರು ಬೆಟ್ಟದ ಕಡೆಗೆ ಒಂದು ಬೆರಳು ವಾಲಿಸಿ ಕೂರಿಸಿದ್ದಾರೆ. ಭಾರ ಹೊತ್ತವನ ಕಾಲು ಜಾರಿದರೂ ಒಳಕ್ಕೆ ಜಾರಬೇಕು, ಕಮರಿಗಲ್ಲ. ತಿರುವುಗಳಲ್ಲೆಲ್ಲ ಹೊರಗೋಡೆ ಅಗಲವಾಗಿದೆ, ಚಟ್ಟದ ಉದ್ದಕ್ಕೆ ಸರಿಯಾಗಿ. ಮುಂದಿನವರು ತಿರುಗುವಾಗ ಹಿಂದಿನವರ ಕಾಲಿಗೂ ನೆಲ ಸಿಗಲಿ ಎಂದು! ಯಾರು ಕುಳಿತು ಯೋಚಿಸಿದರೋ ಇದನ್ನೆಲ್ಲ. ಹೆಸರು ಕೆತ್ತುವ ಚಾಳಿ ನಮ್ಮವರಿಗೆ ಇರಲಿಲ್ಲ. ಕೆಲಸ ಮಾಡುತ್ತಿದ್ದರು, ಮೆಕ್ಕೆಜೋಳದ ಪೊಲೆಂತಾ ತಿಂದು ಮಲಗುತ್ತಿದ್ದರು.

ಎರಡನೆಯ ಕಲ್ಲಿನ ಹತ್ತಿರದ ಬುಗ್ಗೆ ಈಗಲೂ ಹರಿಯುತ್ತಿದೆ. ದಾಲ್ಮಾತ್ಸೊ ಬಾಗಿ ನೀರು ಕುಡಿದವನು ಏಳಲೇ ಇಲ್ಲ. ಹೋಗಿ ನೋಡಿದರೆ ಅಳುತ್ತಿದ್ದಾನೆ. ಆ ಕೋಣ!

“ಏನಾಯ್ತೋ?” ಎಂದೆ.

“ಏನಿಲ್ಲ. ಹಲ್ಲು ಜುಮ್ಮಂತು, ನೀರು ತಣ್ಣಗಿದೆ,” ಎಂದ.

“ನಿನ್ ಬಾಯಲ್ಲಿ ಹಲ್ಲೆಲ್ಲಿದೆ?”

“ನೆನಪಿಗೆ ಜುಮ್ಮಂತು ಕಣಮ್ಮ, ಸುಮ್ನಿರು.”

ಊರಿನವರೆಲ್ಲ ಬಂದಿದ್ದರು. ಕೆಳಗಿನ ಊರುಗಳಿಂದಲೂ, ಬಯಲಿಗೆ ಹೋಗಿ ನೆಲೆಸಿದವರ ಮನೆಗಳಿಂದಲೂ ಬಂದಿದ್ದರು. ಹಾಡುತ್ತ, ಕಾಲೆಳೆಯುತ್ತ ನಿಮ್ಮ ಕಲ್ಲಿನವರೆಗೆ ಬಂದೆವು. ಅಲ್ಲಿ ಎಲ್ಲರೂ ಗುದ್ದಲಿ ಕೆಳಗಿಟ್ಟರು. ನೀವೆಸ್‌ನ ಜೊತೆ ಬಂದ ಪಟ್ಟಣದ ಹುಡುಗರಿಗೆ ಅರ್ಥವಾಗಲಿಲ್ಲ. “ಮುಂದೆ ಯಾಕೆ ಹೋಗ್ತಿಲ್ಲ?” ಎಂದು ಕೇಳಿದರು. “ಮನೆಯವರು ಇಲ್ಲ,” ಎಂದ ದಾಲ್ಮಾತ್ಸೊ. ಹುಡುಗರು ಸುತ್ತ ಮನೆ ಹುಡುಕಿದರು. ಅಲ್ಲಿರುವುದು ಒಂದು ಚಪ್ಪಟೆ ಕಲ್ಲು, ಪಕ್ಕದಲ್ಲಿ ಒಂದು ಮರ ಅಷ್ಟೇ.

ನೀನು ಒಪ್ಪದಿದ್ದರೆ ದಾರಿ ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದ ಕೆಳಗಿಳಿಸಿ ಟಾರು ರಸ್ತೆಗೆ ಸೇರಿಸೋಣ ಎನ್ನುತ್ತಾರೆ ಪಂಚಾಯಿತಿಯವರು. ಅರ್ಧ ದಾರಿಯ ಹೆಸರಲ್ಲಿ ಯಾವ ಹಬ್ಬ ಮಾಡೋಣ ಹೇಳು.

ಓನೊರೀನಾ


ಆಸ್ತಿ, ೨೭ ಜೂನ್

ಓನೊರೀನಾ,

ತೆರೆದುಕೊಳ್ಳಿ. ಐಮಾರ್ ಮನೆಯ ಒಪ್ಪಿಗೆ ಇದೆ. ನನಗಾಗಿ ಅಲ್ಲ, ನಿನಗಾಗಿ ಮೊದಲೇ ಅಲ್ಲ. ಅಪ್ಪ ಪ್ರತಿ ವರ್ಷ ಹುಲ್ಲು ಕೊಯ್ದಾದ ಮೇಲೆ ಆ ದಾರಿಯಲ್ಲೇ ಬಯಲಿಗಿಳಿದು, ಮೀನಿನ ತಳ್ಳುಗಾಡಿ ಹಿಡಿದು ಊರೂರು ತಿರುಗುತ್ತಿದ್ದ. ಬೆಟ್ಟದಲ್ಲಿ ಹುಟ್ಟಿ ಸಮುದ್ರದ ಮೀನು ಮಾರುವ ಜನ ನಾವು! ಇಲ್ಲಿಯವರು ಈಗಲೂ ನಗುತ್ತಾರೆ. ನಗಲಿ. ಈ ಜಿಲ್ಲೆಯ ಅಡುಗೆಮನೆಗಳಿಗೆ ಉಪ್ಪಿನ ರುಚಿ ಹತ್ತಿಸಿದ್ದು ನಮ್ಮ ಕಣಿವೆಯ ಕಾಲುಗಳು. ಆ ಕಾಲುಗಳು ನಡೆದ ದಾರಿಯಲ್ಲಿ ಮುಳ್ಳು ಬೆಳೆಯುವುದು ಬೇಡ.

ಕರಿಕಣಿವೆಯ ಬಾಯಲ್ಲಿ ದಾರಿಹೋಕರನ್ನು ಕಾಯುವ ಸಂತ ಕ್ರಿಸ್ತೋಫರನ ಚಿತ್ರದ ಕಂಬವಿದೆ. ಅದಕ್ಕೆ ಗುದ್ದಲಿ ತಾಗಿಸಬೇಡಿ ಎಂದು ಆ ಹಲ್ಲಿಲ್ಲದವನಿಗೆ ಹೇಳು. ಅಮ್ಮ ಸಾಯುವ ಹಿಂದಿನ ಶರತ್ಕಾಲದಲ್ಲಿ ಕೊನೆಯ ಸಲ ಹಾದುಹೋದಾಗ ಅದಕ್ಕೆ ಹೂವಿಟ್ಟಿದ್ದೆ.

ನನ್ನ ಹೆಸರನ್ನು ಯಾವ ಹಲಗೆಯ ಮೇಲೂ ಬರೆಯಬೇಡಿ.

ದೆಲ್ಫೀನಾ


ಸೆರ್ರೆ, ೨೫ ಜುಲೈ

ದೆಲ್ಫೀನಾ,

ಸಂತ ಕ್ರಿಸ್ತೋಫರ ಸಿಕ್ಕಿದ. ನೀನು ಹೂವಿಟ್ಟ ಜಾಗದಲ್ಲಲ್ಲ.

ನಿನ್ನ ಪತ್ರವನ್ನು ನೀವೆಸ್ ನಿಮ್ಮ ಕಲ್ಲಿನ ಮೇಲೆ ನಿಂತು ಗಟ್ಟಿಯಾಗಿ ಓದಿದಳು. ‘ನಿನಗಾಗಿ ಮೊದಲೇ ಅಲ್ಲ’ ಎಂಬಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಆಮೇಲೆ ಗುದ್ದಲಿ ಎತ್ತಿದರು. ಕರಿಕಣಿವೆಯವರೆಗೆ ದಾರಿ ಚೆನ್ನಾಗಿಯೇ ಇತ್ತು. ಅಲ್ಲಿ, ನಾನು ಹೇಳಿದ್ದಂತೆ, ಏನೂ ಇರಲಿಲ್ಲ. ಗೋಡೆ ಬುಡಸಮೇತ ಕಮರಿಗೆ ಹೋಗಿದೆ. ಬಂಡೆಯ ಮೈ ಮೇಲಿಂದ ಕೆಳಗಿನವರೆಗೆ ಕೆರೆದ ಹಾಗಿದೆ. ಕಂಬ ನಿಂತಿದ್ದ ಪೀಠವೂ ಇಲ್ಲ.

ಹುಡುಗರು ಹಗ್ಗ ಕಟ್ಟಿಕೊಂಡು ಕೆಳಗಿಳಿದರು. ಅಷ್ಟು ಕೆಳಗೆ ಮುರಿದ ಮರಗಳ ರಾಶಿಯಡಿ ಕಂಬದ ಮೇಲಿನ ಅರ್ಧ ಸಿಕ್ಕಿತು, ಬೋರಲು ಬಿದ್ದಿತ್ತು. ಆರು ಜನ ಸೇರಿ ಮಗುಚಿದರು. ದೆಲ್ಫೀನಾ, ಆ ಬಣ್ಣ! ಮುಖ ಮಣ್ಣಿಗೆ ಹಾಕಿಕೊಂಡು ಬಿದ್ದಿದ್ದವನಿಗೆ ಬಿಸಿಲೂ ಮಳೆಯೂ ತಾಗಿಲ್ಲ. ನಿಂತಿದ್ದಾಗ ನಾವು ನೋಡಿದ್ದೆಲ್ಲ ಹೊಗೆ ಬಡಿದ ಕಂದು ಮುಖ. ಈಗ ಕಲ್ಲೆಂಬುದೇ ಮರೆತುಹೋಗುವಷ್ಟು ಕೆಂಪು ನಿಲುವಂಗಿ, ಹೆಗಲ ಮೇಲೆ ಮಗು, ಕಾಲ ಬಳಿ ನಮ್ಮ ಹೊಳೆಯ ಮೀನುಗಳು ಒಂದೊಂದೂ ಚುಕ್ಕೆಸಮೇತ. ಎಲ್ಲಿಂದಲೋ ನಡೆದು ಬಂದ ಬಡ ಚಿತ್ರಗಾರ ಒಂದು ಚಳಿಗಾಲ ಊಟಕ್ಕೆ ಬದಲಾಗಿ ಬರೆದು ಹೋದ ಚಿತ್ರವದು. ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಪೊಲೆಂತಾ ಆರಿ ಹಲಗೆಯಾಯಿತು ಎಂದು ನೀವೆಸ್ ಬಂದು ಎಳೆದುಕೊಂಡು ಹೋದಳು.

“ಈ ಮೂಗು ನೋಡ್ರೋ,” ಎಂದ ದಾಲ್ಮಾತ್ಸೊ. “ಐಮಾರ್ ಮನೇದು! ಚಿತ್ರ ಬರೆದೋನಿಗೆ ಯಾರ ಮನೇಲಿ ಊಟ ಅಂತ ಈಗ ಗೊತ್ತಾಯ್ತು.”

ನಿಜ ಕಣೇ. ನಿನ್ನದೇ ಮೂಗು, ಗಿಣಿಯದ್ದು.

ನಾನು ಹೆಚ್ಚು ಹೇಳುವುದಿಲ್ಲ. ಆ ಶರತ್ಕಾಲದಲ್ಲಿ ನಿಂತಿದ್ದ, ನೀನೇ ಬರೆದಿದ್ದೀಯಾ. ಈಗ ಬಿದ್ದಿದ್ದಾನೆ, ನಾನು ನೋಡಿದೆ. ಅವನ ಸುತ್ತ ಬೆಳೆದ ಮರಗಳಿಗೆ ನೀವೆಸ್‌ನಷ್ಟೇ ವಯಸ್ಸು ಎಂದರು ಹುಡುಗರು. ನಡುವೆ ಏನಾಯಿತೆಂದು ನೀನೇ ಕೂಡಿಸಿಕೋ.

ಗೋಡೆಯನ್ನು ಹೊಸದಾಗಿ ಕಟ್ಟುತ್ತಿದ್ದಾರೆ, ಗಾರೆಯಿಲ್ಲದೆ ಒಣಕಲ್ಲಿನಲ್ಲೇ. ಹಬ್ಬದ ಹೊತ್ತಿಗೆ ಮುಗಿಯುತ್ತದಂತೆ.

ಓನೊರೀನಾ


ಸೆರ್ರೆ, ೧೫ ಆಗಸ್ಟ್

ದೆಲ್ಫೀನಾ,

ಉತ್ತರ ಬರೆಯಲಿಲ್ಲ. ಇರಲಿ, ನಾನು ಬರೆಯುತ್ತೇನೆ, ನನಗೆ ಬಿಡುವಿದೆ.

ಇಲ್ಲಿ ಹೊಸ ಜಗಳ. ಹಬ್ಬದ ಮೆರವಣಿಗೆಯಲ್ಲಿ ಊರಿನ ಹಳೆಯ ಚಟ್ಟವನ್ನೂ ಹೊರಬೇಕು, ಇಳಿಗಲ್ಲಿನ ಪದ್ಧತಿ ಎಲ್ಲರೂ ನೋಡಬೇಕು ಎಂದಳು ನೀವೆಸ್.

“ಖಾಲಿ ಚಟ್ಟಾನಾ?” ಎಂದ ದಾಲ್ಮಾತ್ಸೊ.

“ಇನ್ನೇನು, ಯಾರನ್ನಾದ್ರೂ ಸಾಯಿಸಿ ಹಾಕ್ಕೊಳ್ಲಾ?” ಎಂದಳು ಅವಳು.

“ಖಾಲಿ ಹೋದ್ರೆ ಅದೇ ಹುಡುಕ್ಕೊಳ್ಳುತ್ತಮ್ಮ. ನನ್ ವಯಸ್ಸು ನೋಡು, ಮೊದಲು ನನ್ನನ್ನೇ ನೋಡೋದು.”

ನಮ್ಮಲ್ಲಿ ಖಾಲಿ ಚಟ್ಟವನ್ನು ಯಾರೂ ಆ ದಾರಿಯಲ್ಲಿ ಒಯ್ದದ್ದಿಲ್ಲ. ಇಗರ್ಜಿಯಿಂದ ವಾಪಸು ತರುವಾಗಲೂ ಬಿಚ್ಚಿ, ಕೋಲು ಕೋಲಾಗಿ ಬೇರೆ ಬೇರೆ ಜನ ತರುತ್ತಿದ್ದೆವಲ್ಲ. ಮೂಟೆ ಇಡೋಣ ಎಂದರು, ಹೂವು ತುಂಬೋಣ ಎಂದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಆಗಲಿಲ್ಲ. ಕೊನೆಗೆ ನಾನೇ ಎದ್ದು, “ನಾನು ಮಲಗ್ತೀನಿ,” ಎಂದೆ. “ಬದುಕಿರೋರು ಮಲಗಿದ್ರೆ ಆಯುಷ್ಯ ಬೆಳೆಯುತ್ತೆ, ಅಜ್ಜಿ ಹೇಳ್ತಿದ್ರು.” ಅಜ್ಜಿ ಹಾಗೆ ಯಾವತ್ತೂ ಹೇಳಿರಲಿಲ್ಲ. ಆದರೆ ಅಜ್ಜಿಯ ಹೆಸರು ಹೇಳಿದರೆ ಈ ಊರು ಎದುರಾಡುವುದಿಲ್ಲ.

ಸೆಪ್ಟೆಂಬರ್ ಐದಕ್ಕೆ ನನ್ನ ಸವಾರಿ. ನಮ್ಮ ಕಲ್ಲಿನಲ್ಲಿ ನೀವೆಸ್ ನಿಲ್ಲುತ್ತಾಳೆ, ಎರಡನೆಯದರಲ್ಲಿ ದಾಲ್ಮಾತ್ಸೊನ ಹೆಂಡತಿ. ಮೂರನೆಯದರಲ್ಲಿ ಯಾರು? ಪತ್ರದಲ್ಲಿ ಒಪ್ಪಿಗೆ ಕಳಿಸಿದರೆ ಗುದ್ದಲಿಗೆ ನಡೆಯುತ್ತದೆ, ಚಟ್ಟಕ್ಕೆ ನಡೆಯುವುದಿಲ್ಲ. ಆ ಮಾತನ್ನು ಬಾಯಿಂದಲೇ ಹೇಳಬೇಕು, ಕೈ ಕೋಲಿನ ಮೇಲಿರಬೇಕು. ನೀನು ಬರದಿದ್ದರೆ ನನ್ನನ್ನು ನಿಮ್ಮ ಕಲ್ಲಿನ ಮೇಲೆ ಇಳಿಸುತ್ತಾರೆ, ನಾನು ಅಲ್ಲೇ ಮಲಗಿರುತ್ತೇನೆ. ಹಿಮ ಬೀಳುವವರೆಗೂ ಏಳುವುದಿಲ್ಲ. ನನ್ನ ಹಟ ನಿನಗೆ ಗೊತ್ತು.

ಬಾರೇ.

ಓನೊರೀನಾ


ಸೆರ್ರೆ, ೨೦ ಆಗಸ್ಟ್

ಮಾನ್ಯ ದೆಲ್ಫೀನಾ ಅವರಿಗೆ,

ನಾನು ನೀವೆಸ್. ನಮ್ಮ ಪರಿಚಯವಿಲ್ಲ, ಆದರೆ ನಿಮ್ಮ ಪತ್ರವನ್ನು ಊರಿಗೆಲ್ಲ ಓದಿ ಹೇಳಿದವಳು ನಾನೇ. ಒಂದು ವಿಷಯ ದೊಡ್ಡಮ್ಮ ಬರೆದಿರುವುದಿಲ್ಲ, ಬರೆಯುವುದೂ ಇಲ್ಲ. ಹೋದ ಚಳಿಗಾಲದಿಂದ ಅವರ ಹೃದಯ ಸರಿಯಾಗಿಲ್ಲ. ಬೆಟ್ಟದ ದಾರಿ ನಡೆಯಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ದಾರಿ ತೆರೆದ ದಿನಗಳಲ್ಲಿ ದಾಲ್ಮಾತ್ಸೊ ಅವರನ್ನು ಹೇಸರಗತ್ತೆಯ ಮೇಲೆ ಕೂರಿಸಿ ತಂದ. ಮುಳ್ಳು ಕಡಿದವರು ನಾವು, ಮೇಲಿಂದ ಕೂಗುತ್ತಿದ್ದವರು ಅವರು.

ಹೇಸರಗತ್ತೆ ಮೂರನೆಯ ಕಲ್ಲಿನಾಚೆ ಹೋಗಲಾರದು. ಕರಿಕಣಿವೆಯನ್ನು ಅವರು ಕಲ್ಲಿನ ಬಳಿ ನಿಂತು ದೂರದಿಂದಲೇ ನೋಡಿದ್ದು, ಸಂತನನ್ನೂ ಅಲ್ಲಿಗೆ ಹೊತ್ತು ತಂದು ತೋರಿಸಿದೆವು. ಚಟ್ಟದ ಮೇಲೆ ಮಲಗುತ್ತೇನೆ ಎಂದದ್ದು ತಮಾಷೆಗಲ್ಲ. ಅವರು ಹಳೆಯ ದಾರಿಯಲ್ಲಿ ಸಾನ್ ಪೇಯ್ರೆ ತಲುಪಲು ಉಳಿದಿರುವ ಉಪಾಯ ಅದೊಂದೇ.

ಬರುವುದು ಬಿಡುವುದು ನಿಮಗೆ ಸೇರಿದ್ದು. ನಾನು ಬರೆದದ್ದು ಅವರಿಗೆ ತಿಳಿಯುವುದು ಬೇಡ.

ವಂದನೆಗಳೊಂದಿಗೆ,
ನೀವೆಸ್


ಆಸ್ತಿ, ೩೦ ಆಗಸ್ಟ್ (ಅಂಚೆ ಕಾರ್ಡು)

ಓನೊರೀನಾ,

ಬಿಸಿಲಿರುತ್ತದೆ, ಚಟ್ಟದ ಮೇಲೆ ಟೋಪಿ ಹಾಕಿಕೋ. ನಾನು ಬರುತ್ತೇನೆಂದು ಹೇಳಿಲ್ಲ.

ದೆ.


ಸೆರ್ರೆ, ೬ ಸೆಪ್ಟೆಂಬರ್

ಮಗಳೇ ಮರೀಲೇನಾ,

ಈ ವಾರ ಸಂತೆಗೆ ನೀನೇ ಹೋಗು. ಹೊಸ ಪೀಪಾಯಿಯ ಮೇಲಿನ ಪದರ ಮಾರಬೇಡ, ಅದು ಉಪ್ಪಿನಕಾಯಿಗಿಂತ ಉಪ್ಪು. ನಾನು ಓನೊರೀನಾಳ ಮನೆಯಲ್ಲಿದ್ದೇನೆ. ಹೌದು, ಅದೇ ಓನೊರೀನಾ, ನಿನಗೆ ನೆನಪಿರುವಂದಿನಿಂದ ನಾನು ಬೈಯುತ್ತಿದ್ದ ಹೆಂಗಸು. ಈಗಲೂ ಪಕ್ಕದ ಕೋಣೆಯಿಂದ ಕೂಗುತ್ತಿದ್ದಾಳೆ, “ಮಗಳಿಗೆ ನನ್ ಬಗ್ಗೆ ಏನ್ ಬರೀತಿದೀಯಾ?” ಎಂದು.

ನಿನ್ನೆಯದನ್ನು ನಿನಗೆ ಹೇಳದೆ ಇರಲಾರೆ. ನಾನು ಬಸ್ಸಿಳಿದು, ಕೆಳಗಿನ ರಸ್ತೆಯಿಂದ ಅಡ್ಡದಾರಿ ಹತ್ತಿ, ಮೊದಲೇ ನಮ್ಮ ಕಲ್ಲಿನ ಹತ್ತಿರ ಬಂದು ಕುಳಿತೆ. ಕೈಯಲ್ಲಿ ರೊಟ್ಟಿ, ವೈನು, ಒಂದು ಡಬ್ಬಿ ಮೀನು. ಮರೀಲೇನಾ, ಇಂಥ ಜಾಗದಿಂದ ಬಂದವಳು ನಾನು ಎಂದು ನಿನಗೆ ಒಂದು ದಿನವೂ ಸರಿಯಾಗಿ ಹೇಳಲಿಲ್ಲ. ಬಂಡೆಯ ಎದೆಗೆ ಅಂಟಿಕೊಂಡು ದಾರಿ ಬರುತ್ತದೆ, ಒಂದೊಂದು ಕಲ್ಲೂ ಕೈಯಲ್ಲಿ ಎತ್ತಿ ಇಟ್ಟದ್ದು. ಅಷ್ಟೂ ಕೆಲಸ ಸತ್ತವರನ್ನು ಮರ್ಯಾದೆಯಿಂದ ಕಳಿಸುವುದಕ್ಕೆ.

ಮೊದಲು ಹಾಡು ಕೇಳಿಸಿತು, ಆಮೇಲೆ ಓನೊರೀನಾಳ ದನಿ. ಚಟ್ಟದ ಮೇಲೆ ಹುಲ್ಲುಟೋಪಿ ಹಾಕಿಕೊಂಡು ಮಹಾರಾಣಿಯಂತೆ ಒರಗಿದ್ದಳು.

“ನಿಧಾನ ಕಣೋ ದಾಲ್ಮಾತ್ಸೊ! ಸತ್ತವರು ಬಾಯಿ ಬಿಡಲ್ಲ ಅಂತ ಇಷ್ಟು ದಿನ ಹೀಗೇ ಕುಲುಕಿಸಿದೀಯಾ?”

“ಸತ್ತವರು ಇಷ್ಟು ತೂಕ ಇರ್ತಿರ್ಲಿಲ್ಲಮ್ಮ!”

ತಿರುವು ದಾಟಿ ನನ್ನನ್ನು ನೋಡಿದರು. ಚಟ್ಟವನ್ನು ನಮ್ಮ ಕಲ್ಲಿನ ಮೇಲೆ ಇಳಿಸಿದರು. ನಾನು ಮಾತಾಡಬೇಕಾಗಿತ್ತು, ರೊಟ್ಟಿ, ವೈನು ಕೆಳಗಿಟ್ಟು ಚೀಲಕ್ಕೆ ಕೈಹಾಕಿದೆ.

“ಏನೇ, ಮೂಗು ಇದ್ದಲ್ಲೇ ಇದೆ, ನಾಲಿಗೆ ಎಲ್ಲಿ?” ಎಂದಳು ಓನೊರೀನಾ.

“ಇಳಿ ಕೆಳಗೆ,” ಎಂದೆ.

“ಏನು?”

“ಇಳಿ. ಇಲ್ಲಿಂದ ಮುಂದೆ ನೀನಲ್ಲ ಹೋಗೋದು.”

ಚೀಲದಿಂದ ಬಟ್ಟೆಯ ಗಂಟು ತೆಗೆದೆ. ಬೀರುವಿನ ಕೆಳಖಾನೆಯಲ್ಲಿ ಮುಟ್ಟಬೇಡ ಎನ್ನುತ್ತಿದ್ದೆನಲ್ಲ, ಅದೇ. ಅದರಲ್ಲಿದ್ದದ್ದು ನಿನ್ನ ಅಜ್ಜಿಯ ಜಡೆ. ಈ ಕಣಿವೆಯಲ್ಲಿ ಕೂದಲು ಕೊಳ್ಳುವವರು ಮನೆಮನೆಗೆ ಬರುತ್ತಿದ್ದರು, ವಿಗ್ಗು ಮಾಡಲು. ಹೆಂಗಸರೆಲ್ಲ ಮಾರುತ್ತಿದ್ದರು. ಅಮ್ಮ ಎಷ್ಟು ಕಷ್ಟವಿದ್ದಾಗಲೂ ಮಾರಲಿಲ್ಲ. “ಇದು ನನ್ ಜೊತೆ ಸಾನ್ ಪೇಯ್ರೆಗೆ ನಡ್ಕೊಂಡು ಹೋಗುತ್ತೆ,” ಎನ್ನುತ್ತಿದ್ದಳು. ಲಾರಿಯಿಂದ ಇಳಿಸಿ ಇಗರ್ಜಿಯಲ್ಲಿ ಮಲಗಿಸಿದ್ದ ಅವಳನ್ನು ನೋಡಿದಾಗ ನನಗೆ ಸಿಟ್ಟು ತಡೆಯಲಿಲ್ಲ. ಜಡೆಯನ್ನು ಕತ್ತರಿಸಿ ತೆಗೆದುಕೊಂಡು ಬಂದೆ. ಇಷ್ಟಾದರೂ ಲಾರಿಯಲ್ಲಿ ಬಂದವಳ ಜೊತೆ ಮಣ್ಣಿಗೆ ಹೋಗಬಾರದು ಎಂದುಕೊಂಡೆ.

ಓನೊರೀನಾ ಜಡೆ ನೋಡಿದಳು. ಯಾರ ಕೈಯನ್ನೂ ಹಿಡಿಯದೆ ಚಟ್ಟದಿಂದ ಇಳಿದಳು. ಕತ್ತಿನ ರೇಷ್ಮೆ ವಸ್ತ್ರ ಬಿಚ್ಚಿ, ಹಲಗೆಯ ಮೇಲೆ ಹಾಸಿ, ಅಂಗೈಯಿಂದ ಸವರಿ ಸುಕ್ಕು ತೆಗೆದಳು. ದಾಲ್ಮಾತ್ಸೊ ಟೋಪಿ ತೆಗೆದ. ಜಡೆಯನ್ನು ಮಲಗಿಸಿ ನಾನು ಕೋಲಿನ ಮೇಲೆ ಕೈಯಿಟ್ಟೆ. “ಇಲ್ಲಿಂದ ನಮ್ಮ ಹೆಗಲು,” ಎಂದೆ.

ಎತ್ತಿದೆವು. ಹೆಂಗಸರು ಹೊರುವ ವಾಡಿಕೆ ಇಲ್ಲ, ಯಾರೂ ಬೇಡ ಎನ್ನಲಿಲ್ಲ. ಒಂದು ಜಡೆಗೆ ನಾಲ್ಕು ಹೆಗಲು ಬೇಕೇ ಎಂದು ನೀನು ಕೇಳುತ್ತೀಯಾ. ಪೂರ್ತಿ ಮನುಷ್ಯನನ್ನು ಹೊತ್ತ ಹಾಗೆಯೇ ನಡೆದರು, ಅದೇ ಹೆಜ್ಜೆ, ಅದೇ ನಿಧಾನ. ಓನೊರೀನಾ ನೀವೆಸ್‌ನ ತೋಳು ಹಿಡಿದು ಹಿಂದೆ ಬಂದಳು. “ಇಳಿಜಾರು ಡಾಕ್ಟರ ಲೆಕ್ಕಕ್ಕೆ ಬರಲ್ಲ,” ಎಂದು ಅವಳ ಬಾಯಿ ಮುಚ್ಚಿಸಿದಳು.

ಕರಿಕಣಿವೆಯ ಬಾಯಲ್ಲಿ ಹೊಸ ಗೋಡೆಯ ಮೇಲೆ ನಿಂತೆ. ಮೇಲಿಂದ ಕೆಳಗಿನವರೆಗೆ ಬಂಡೆ ಬೋಳಾಗಿದೆ. ಆ ಚಳಿಗಾಲ, ಆ ವಸಂತ, ಆಮೇಲಿನ ಯಾವ ವಸಂತದಲ್ಲೂ ಅಲ್ಲಿಂದ ಒಂದು ಹೆಣವೂ ದಾಟುವಂತಿರಲಿಲ್ಲ. ಅದು ಕಣ್ಣಿಗೆ ಕಂಡಿತು. ನಾನು ಹಿಂತಿರುಗಿ ಓನೊರೀನಾಳನ್ನು ನೋಡಿದೆ. ಅವಳು ಗೋಡೆಯ ಪಕ್ಕ ಮತ್ತೆ ನಿಲ್ಲಿಸಿದ್ದ ಸಂತ ಕ್ರಿಸ್ತೋಫರನ ಕಡೆ ನೋಡುತ್ತ ನಿಂತಳು. ಎಂಥ ಚೆಲುವ ಗೊತ್ತೇ ಅವನು! ನೀನು ಬಂದು ನೋಡಬೇಕು.

ಸಾನ್ ಪೇಯ್ರೆಯಲ್ಲಿ ಇಡೀ ಕೆಳಗಿನ ಊರು ಹಬ್ಬದ ಬಟ್ಟೆಯಲ್ಲಿ ಕಾಯುತ್ತಿತ್ತು. ಚಟ್ಟದ ಮೇಲೆ ಏನಿದೆಯೆಂಬ ಸುದ್ದಿ ಒಬ್ಬರಿಂದೊಬ್ಬರಿಗೆ ಹೋಗಿ, ಬ್ಯಾಂಡಿನವರು ವಾದ್ಯ ಕೆಳಗಿಟ್ಟರು. ಯಾರೋ ಹೋಗಿ ಸಾವಿನ ಗಂಟೆ ಬಾರಿಸಿದರು. ಅಮ್ಮನ ಸಮಾಧಿಯ ಪಕ್ಕದಲ್ಲಿ ದಾಲ್ಮಾತ್ಸೊ ಮೊಣಕಾಲೂರಿ ಕೈಯಿಂದಲೇ ಮಣ್ಣು ತೆಗೆದ. ಜಡೆಯನ್ನು ರೇಷ್ಮೆಯ ಸಮೇತ ಇಟ್ಟೆ.

ಪಾದ್ರಿ ಹೊಸಬ, ಚಿಕ್ಕ ವಯಸ್ಸು, ಹೋದ ತಿಂಗಳು ಬಂದವನು. ಗಂಟೆ ಕೇಳಿ ಪ್ರಾರ್ಥನಾ ವಸ್ತ್ರ ಸರಿಮಾಡಿಕೊಳ್ಳುತ್ತ ಓಡಿಬಂದ. ಅಷ್ಟು ಜನ ಅಳುವುದನ್ನು ನೋಡಿ ಗಾಬರಿಯಾಗಿ, “ನನಗೆ ಯಾರೂ ತಿಳಿಸ್ಲೇ ಇಲ್ವಲ್ಲ! ಈ ತಾಯಿ ತೀರಿಕೊಂಡಿದ್ದು ಯಾವಾಗ?” ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಓನೊರೀನಾ ನನ್ನ ಕೈ ಹಿಡಿದುಕೊಂಡು ಹೇಳಿದಳು:

“ಚಳಿಗಾಲದಲ್ಲಿ, ಫಾದರ್. ದಾರಿ ತೆರೀಲಿ ಅಂತ ಕಾಯ್ತಾ ಇದ್ವಿ.”

ನಿನ್ನ ಅಮ್ಮ
ದೆಲ್ಫೀನಾ